ಬೆಳ್ಳಿತೆರೆಯ ಸುವರ್ಣಯುಗ: ವಲಸೆ ಬಂದವರು ಕಟ್ಟಿದ ಹಾಲಿವುಡ್

ಬೆಂಗಳೂರು ದಂಡಿನ ಪ್ಲಾಜಾ, ರೆಕ್ಸ್, ಲಿಡೋ, ಬ್ಲೂ ಡೈಮಂಡ್ ಚಿತ್ರಮಂದಿರಗಳ ಹೆಸರು ಕೇಳಿದರೆ ಸಾಕು, ನಮ್ಮಲ್ಲಿ ಹಲವರ ಮುಖ ಅರಳುತ್ತದೆ. ಸಿನಿಮಾ ಎಂದರೆ ಸಿಡುಕುತ್ತಿದ್ದ ಹಿರಿಯರು ಕೂಡ "ಇಂಗ್ಲಿಷ್ ಪಿಕ್ಚರ್ ತಾನೇ, ಹೋಗಿ ಬರಲಿ, ನಾಲ್ಕು ಮಾತು ಇಂಗ್ಲಿಷ್ ಆದರೂ ಬಂದೀತು" ಎಂದು ಟಿಕೆಟ್ಟಿಗೆ ಕಾಸು ಕೊಡುತ್ತಿದ್ದ ಕಾಲ ಅದು. ಆ ಮಂದಿರಗಳು ಈಗಿಲ್ಲ. ಆದರೆ ಅಮೆರಿಕವೆಂದರೆ ಹೀಗಿರುತ್ತದೆ ಎಂಬ ಮೊದಲ ಚಿತ್ರವನ್ನು ನಮ್ಮ ಮನಸ್ಸಿನಲ್ಲಿ ಮೂಡಿಸಿದ್ದು ಅವೇ. ಬಿಳಿ ಬೇಲಿಯ ಮನೆ, ಹಸಿರು ಹುಲ್ಲುಹಾಸು, ಊಟದ ಮೇಜಿನ ಸುತ್ತ ನಗುವ ಸಂಸಾರ, ಕೊನೆಗೆ ಗೆಲ್ಲುವ ಸತ್ಯ!

ಈ ದೇಶಕ್ಕೆ ಬಂದು, ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ಅದೇ ಹಳೆಯ ಚಿತ್ರಗಳನ್ನು ಮತ್ತೆ ನೋಡಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆ ಅಮೆರಿಕದ ಕನಸನ್ನು ನೇಯ್ದವರಲ್ಲಿ ಬಹುಪಾಲು ಮಂದಿ ಹೊರಗಿನಿಂದ ಬಂದವರು, ಇಲ್ಲವೇ ಹೊರಗಿನಿಂದ ಬಂದವರ ಮಕ್ಕಳು. ಸುಮಾರು 1920ರ ದಶಕದ ಕೊನೆಯಿಂದ 1950ರ ದಶಕದ ಕೊನೆಯವರೆಗಿನ ಮೂರು ದಶಕಗಳನ್ನು ಅಮೆರಿಕದ ಚಲನಚಿತ್ರದ ಸುವರ್ಣಯುಗ ಎಂದು ಕರೆಯುವುದು ವಾಡಿಕೆ. ನಮ್ಮ ಸಂಘದ ಹುಟ್ಟುಹಬ್ಬದ ಈ ಸಂಚಿಕೆಯಲ್ಲಿ ಆ ಯುಗವನ್ನು ವಲಸೆ ಬಂದವರ ಕಣ್ಣಿನಿಂದ ನೋಡೋಣವೆಂದು ಈ ಪ್ರಯತ್ನ.

ಐದು ಸೆಂಟಿನ ಆಟ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿನಿಮಾ ಮರ್ಯಾದಸ್ಥರ ವ್ಯಾಪಾರವಾಗಿರಲಿಲ್ಲ. ಸಣ್ಣ ಅಂಗಡಿಯೊಂದರಲ್ಲಿ ಬೆಂಚು ಹಾಕಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಐದು ಸೆಂಟಿನ ನಿಕಲ್ ನಾಣ್ಯ ಪಡೆದು ಚಿತ್ರ ತೋರಿಸುತ್ತಿದ್ದರು. ಅದಕ್ಕೇ ಅವುಗಳಿಗೆ 'ನಿಕಲೋಡಿಯನ್' ಎಂದು ಹೆಸರು. ನೋಡಲು ಬರುತ್ತಿದ್ದವರು ಹೆಚ್ಚಾಗಿ ಬಡ ಕೂಲಿಗಳು, ಇಂಗ್ಲಿಷ್ ಬಾರದ ಹೊಸಬರು. ಮೂಕಿ ಚಿತ್ರಕ್ಕೆ ಭಾಷೆಯ ಹಂಗಿಲ್ಲವಲ್ಲ! ಬ್ಯಾಂಕು, ರೈಲ್ವೆ, ಉಕ್ಕು ಮುಂತಾದ ದೊಡ್ಡ ಉದ್ಯಮಗಳಲ್ಲಿ ಕಾಲಿಡಲು ಜಾಗವಿಲ್ಲದ ಯೆಹೂದಿ ವಲಸೆಗಾರರಿಗೆ ಈ ವ್ಯಾಪಾರದ ಬಾಗಿಲು ಮಾತ್ರ ತೆರೆದಿತ್ತು.

ಕಾರ್ಲ್ ಲೆಮ್ಲೆ ಜರ್ಮನಿಯ ಲೌಪ್‌ಹೈಮ್ ಊರಿನವರು. 1884ರಲ್ಲಿ ಹದಿನೇಳರ ಪ್ರಾಯದಲ್ಲಿ ಬಂದು, ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್‌ನಲ್ಲಿ ಬಟ್ಟೆ ಅಂಗಡಿಯಲ್ಲಿ ದುಡಿದು, 1906ರಲ್ಲಿ ಷಿಕಾಗೋದಲ್ಲಿ ನಿಕಲೋಡಿಯನ್ ತೆರೆದರು. ಮುಂದೆ ಅವರು ಕಟ್ಟಿದ ಸಂಸ್ಥೆಯೇ ಯೂನಿವರ್ಸಲ್. ಹಂಗೇರಿಯ ರಿಚೆ ಗ್ರಾಮದಿಂದ ಬಂದ ಅಡಾಲ್ಫ್ ಝೂಕರ್ ತುಪ್ಪಳದ ವ್ಯಾಪಾರ ಮಾಡುತ್ತಿದ್ದವರು. ಪ್ಯಾರಾಮೌಂಟ್ ಸಂಸ್ಥೆಯ ಯಜಮಾನರಾಗಿ 103 ವರ್ಷ ಬಾಳಿದರು. ಪೋಲೆಂಡಿನ ವಾರ್ಸಾದಿಂದ ಬಂದು ಕೈಗವಸು ಮಾರುತ್ತಿದ್ದ ಷ್ಮುಯೆಲ್ ಗೆಲ್ಬ್‌ಫಿಷ್ ಮೊದಲು ಗೋಲ್ಡ್‌ಫಿಷ್ ಆಗಿ, ಕೊನೆಗೆ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಆದರು. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ಕೆನಡಾದಲ್ಲಿ ತಂದೆಯ ಜತೆ ಗುಜರಿ ಸಾಮಾನು ಹೆಕ್ಕಿದ ಲೂಯಿ ಬಿ. ಮೇಯರ್ 1924ರಲ್ಲಿ ಹುಟ್ಟಿದ ಎಂ.ಜಿ.ಎಂ. ಸಂಸ್ಥೆಯ ಮುಖ್ಯಸ್ಥರಾದರು. ತಾವು ಹುಟ್ಟಿದ್ದು ಜುಲೈ 4ರಂದು ಎಂದೇ ಅವರು ಹೇಳಿಕೊಳ್ಳುತ್ತಿದ್ದರಂತೆ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಬರೆದುಕೊಂಡ ಜನ್ಮದಿನಾಂಕವನ್ನೇ ಪಾಸ್‌ಪೋರ್ಟಿನಲ್ಲಿ ಹೊತ್ತು ತಂದಿರುವ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು!

ಇವರಿಗೆ ಎದುರಾಳಿಯಾಗಿ ನಿಂತವರು ಸಾಮಾನ್ಯರಲ್ಲ. ಥಾಮಸ್ ಎಡಿಸನ್ನರ ನೇತೃತ್ವದಲ್ಲಿ ಕ್ಯಾಮೆರಾ ಮತ್ತು ಪ್ರೊಜೆಕ್ಟರುಗಳ ಪೇಟೆಂಟ್ ಹೊಂದಿದ್ದ ಕಂಪನಿಗಳು 1908ರಲ್ಲಿ ಕೂಟ ಕಟ್ಟಿಕೊಂಡು, ತಮಗೆ ಕಪ್ಪ ಕೊಡದವರ ಮೇಲೆ ಮೊಕದ್ದಮೆಗಳ ಮಳೆ ಸುರಿಸಿದವು. ಲೆಮ್ಲೆ ಬಗ್ಗಲಿಲ್ಲ. 1915ರಲ್ಲಿ ಫೆಡರಲ್ ನ್ಯಾಯಾಲಯ ಆ ಕೂಟ ಕಾನೂನುಬಾಹಿರವೆಂದು ತೀರ್ಪಿತ್ತಿತು. ಅಷ್ಟರಲ್ಲಿ ಚಿತ್ರ ತಯಾರಕರು ಕ್ಯಾಲಿಫೋರ್ನಿಯಾದ ಕಡೆ ಗುಳೆ ಹೊರಟಿದ್ದರು. ವರ್ಷವಿಡೀ ಬಿಸಿಲು, ಅಗ್ಗದ ಜಮೀನು, ಕೂಗಳತೆಯಲ್ಲಿ ಕಡಲು, ಬೆಟ್ಟ, ಮರಳುಗಾಡು; ಜತೆಗೆ ಎಡಿಸನ್ನರ ವಕೀಲರಿಂದ ಮೂರು ಸಾವಿರ ಮೈಲಿ ದೂರ!

ತೆರೆಗೆ ಮಾತು ಬಂದ ದಿನ

1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ 'ದ ಜಾಝ್ ಸಿಂಗರ್' ಬಿಡುಗಡೆಯಾಯಿತು. ತಯಾರಿಸಿದವರು ಪೋಲೆಂಡಿನಿಂದ ಬಂದ ಕುಟುಂಬದ ವಾರ್ನರ್ ಸಹೋದರರು. ಚಿತ್ರಕ್ಕೆ ಧ್ವನಿ ಕೂಡಿಸಲು ಹಟ ಹಿಡಿದು ದುಡಿದ ಸ್ಯಾಮ್ ವಾರ್ನರ್ ಅದರ ಹಿಂದಿನ ದಿನವೇ ತೀರಿಕೊಂಡಿದ್ದರು. ಉಳಿದ ಸಹೋದರರು ಸಾವಿನ ಮನೆಯಲ್ಲಿದ್ದರು. ತಮ್ಮ ಜೀವಮಾನದ ಗೆಲುವಿನ ಪ್ರದರ್ಶನವನ್ನು ಅವರು ನೋಡಲಾಗಲಿಲ್ಲ.

ಈ ಚಿತ್ರದಲ್ಲಿ ಮಾತು ಕೇಳಿಬರುವುದು ಕೆಲವೇ ನಿಮಿಷ. ನಮಗೆ ಮುಖ್ಯವಾದದ್ದು ಅದರ ಕಥೆ. ತಂದೆ ಯೆಹೂದಿ ದೇವಾಲಯದಲ್ಲಿ ವಂಶಪಾರಂಪರ್ಯವಾಗಿ ಪ್ರಾರ್ಥನೆ ಹಾಡುವವರು. ಮಗ ಜೇಕಿ ರಬಿನೋವಿಟ್ಸ್‌ಗೆ ಜಾಝ್ ಹಾಡುವ ಹುಚ್ಚು. ಮನೆ ಬಿಟ್ಟು ಹೋಗಿ ಜ್ಯಾಕ್ ರಾಬಿನ್ ಎಂದು ಹೆಸರು ಬದಲಿಸಿಕೊಳ್ಳುತ್ತಾನೆ. ಬ್ರಾಡ್‌ವೇಯಲ್ಲಿ ಮೊದಲ ಪ್ರದರ್ಶನದ ದಿನವೇ ತಂದೆ ಮರಣಶಯ್ಯೆಯಲ್ಲಿ! ಮಗ ರಂಗಮಂದಿರ ಬಿಟ್ಟು ದೇವಾಲಯಕ್ಕೆ ಹೋಗಿ ಅಪ್ಪನ ಜಾಗದಲ್ಲಿ ನಿಂತು ಹಾಡುತ್ತಾನೆ. ನಾಯಕನಾಗಿ ನಟಿಸಿದ ಆಲ್ ಜೋಲ್ಸನ್ ಸ್ವತಃ ಲಿಥುವೇನಿಯಾದಿಂದ ಬಂದ ಪ್ರಾರ್ಥನಾ ಗಾಯಕರ ಮಗ. ಅಮೆರಿಕದ ತೆರೆ ಬಾಯಿ ತೆರೆದಾಗ ಮೊದಲು ಹೇಳಿದ್ದು ವಲಸೆಗಾರರ ಮನೆಯ ಅಪ್ಪ ಮಗನ ಜಗಳದ ಕಥೆಯನ್ನು. ಶನಿವಾರ ಸಂಗೀತ ಪಾಠವೋ ಬಾಸ್ಕೆಟ್‌ಬಾಲ್ ಪಂದ್ಯವೋ ಎಂಬ ವಾದ ನಡೆಯುವ ನಮ್ಮ ಮನೆಗಳಲ್ಲಿ ಈ ಕಥೆಗೆ ವ್ಯಾಖ್ಯಾನ ಬೇಕಿಲ್ಲ. ಆದರೆ ಆ ನಾಯಕ ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ಅಣಕದ ವೇಷದಲ್ಲಿ ಹಾಡುತ್ತಾನೆ ಎಂಬುದನ್ನೂ ಹೇಳಲೇಬೇಕು. ತಾನು ಒಳಗೆ ಬರಲು ಹೆಣಗುತ್ತಿದ್ದವನು ಇನ್ನೊಬ್ಬರನ್ನು ಹೊರಗಿಡುವ ಆಟಕ್ಕೆ ಸೇರಿಕೊಂಡಿದ್ದ.

ಏಳು ವರ್ಷಗಳ ನಂತರ, 1934ರಲ್ಲಿ, ಕನ್ನಡಕ್ಕೂ ಮಾತು ಬಂದಿತು. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿ ತೆರೆಕಂಡ ಚಿತ್ರಮಂದಿರದ ಹೆಸರು ಏನು ಗೊತ್ತೆ? ಪ್ಯಾರಾಮೌಂಟ್!

ಕನಸಿನ ಕಾರ್ಖಾನೆ

ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ನೆನೆದುಕೊಂಡರೆ ಹಾಲಿವುಡ್ ಸ್ಟುಡಿಯೋ ವ್ಯವಸ್ಥೆ ಅರ್ಥವಾಗುತ್ತದೆ. ನಟರು, ಕವಿಗಳು, ಪರದೆ ಬರೆಯುವವರು, ಬಡಗಿಗಳು, ಅಡಿಗೆಯವರು ಎಲ್ಲರೂ ಕಂಪನಿಯವರೇ. ಅದನ್ನು ಸಾವಿರ ಪಟ್ಟು ಹಿಗ್ಗಿಸಿದರೆ ಎಂ.ಜಿ.ಎಂ. ಆಗುತ್ತದೆ. ಎಂ.ಜಿ.ಎಂ., ಪ್ಯಾರಾಮೌಂಟ್, ವಾರ್ನರ್ ಬ್ರದರ್ಸ್, ಟ್ವೆಂಟಿಯತ್ ಸೆಂಚುರಿ ಫಾಕ್ಸ್, ಆರ್.ಕೆ.ಓ. ಈ ಐದು ದೊಡ್ಡ ಸಂಸ್ಥೆಗಳು ಚಿತ್ರ ತಯಾರಿಸುವುದು, ಹಂಚುವುದು, ತಮ್ಮದೇ ಮಂದಿರಗಳಲ್ಲಿ ತೋರಿಸುವುದು ಮೂರನ್ನೂ ಕೈಯಲ್ಲಿಟ್ಟುಕೊಂಡಿದ್ದವು. ಬೇರೆ ಮಂದಿರದವರಿಗೆ ಒಂದು ಒಳ್ಳೆಯ ಚಿತ್ರ ಬೇಕಿದ್ದರೆ ಅದರೊಂದಿಗೆ ಹತ್ತಾರು ಸಾಧಾರಣ ಚಿತ್ರಗಳನ್ನೂ ಗಂಟಾಗಿ ಕೊಳ್ಳಬೇಕಿತ್ತು.

ನಟನಟಿಯರಿಗೆ ಏಳು ವರ್ಷಗಳ ಕರಾರು. ಬೇಡವೆಂದರೆ ಬಿಡುವ ಹಕ್ಕು ಸ್ಟುಡಿಯೋಗೆ ಮಾತ್ರ. ಕೊಟ್ಟ ಪಾತ್ರ ಒಲ್ಲೆ ಎಂದರೆ ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿ, ಆ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಒಲಿವಿಯಾ ಡಿ ಹ್ಯಾವಿಲೆಂಡ್ ಎಂಬ ನಟಿ ವಾರ್ನರ್ ಬ್ರದರ್ಸ್ ಮೇಲೆ ನ್ಯಾಯಾಲಯಕ್ಕೆ ಹೋಗಿ 1944ರಲ್ಲಿ ಗೆದ್ದ ಮೇಲೆಯೇ ಈ ಜೀತಕ್ಕೆ ಕೊನೆ. 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ನೀತಿಸಂಹಿತೆಯೊಂದು ತೆರೆಯ ಮೇಲೆ ಏನು ಕೂಡದು ಎಂಬುದನ್ನು ಹೇಳುತ್ತಿತ್ತು. ಗಂಡ ಹೆಂಡಿರೂ ಬೇರೆ ಬೇರೆ ಮಂಚಗಳಲ್ಲಿ ಮಲಗಬೇಕಾದ ಕಾಲ ಅದು.

ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಹುಟ್ಟಿದ ಕಲೆ ಎಂಥದು! 1939ರ ಒಂದೇ ವರ್ಷದಲ್ಲಿ 'ಗಾನ್ ವಿತ್ ದ ವಿಂಡ್', 'ದ ವಿಝರ್ಡ್ ಆಫ್ ಆಝ್', 'ಸ್ಟೇಜ್‌ಕೋಚ್', 'ನಿನೋಚ್ಕಾ', 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' ಹೊರಬಂದವು. ಈ ಕೊನೆಯ ಚಿತ್ರದಲ್ಲಿ ಹಳ್ಳಿಗನೊಬ್ಬ ಸೆನೆಟ್ಟಿನಲ್ಲಿ ಏಕಾಂಗಿಯಾಗಿ ನಿಂತು ಭ್ರಷ್ಟರನ್ನು ಎದುರಿಸುತ್ತಾನೆ. ಅಮೆರಿಕದ ಪ್ರಜಾಪ್ರಭುತ್ವಕ್ಕೆ ಬರೆದ ಪ್ರೇಮಪತ್ರದಂತಿರುವ ಇದನ್ನು ನಿರ್ದೇಶಿಸಿದ ಫ್ರಾಂಕ್ ಕಾಪ್ರಾ ಆರು ವರ್ಷದ ಮಗುವಾಗಿದ್ದಾಗ ಇಟಲಿಯ ಸಿಸಿಲಿಯಿಂದ ಹಡಗಿನಲ್ಲಿ ಬಂದವರು. ಇನ್ನು ಮೇಯರ್ ಅವರಿಗೆ ಅಚ್ಚುಮೆಚ್ಚಾದದ್ದು 'ಆಂಡಿ ಹಾರ್ಡಿ' ಸರಣಿ. ಸಣ್ಣ ಊರು, ನ್ಯಾಯಾಧೀಶ ತಂದೆ, ತುಂಟ ಮಗ, ಅಚ್ಚುಕಟ್ಟಾದ ಸಂಸಾರ. ಗುಜರಿ ಹೆಕ್ಕಿ ಬೆಳೆದ ಮೇಯರ್ ತಾವು ಕಾಣದ ಬಾಲ್ಯವನ್ನು ಇಡೀ ಅಮೆರಿಕಕ್ಕೆ ಮಾದರಿಯಾಗಿ ತೋರಿಸಿದರು. ಆದರೆ ಆ ಊರಿನಲ್ಲಿ ಮೇಯರ್ ಅವರ ತಂದೆತಾಯಿಯಂಥವರಿಗೆ, ಅವರ ಭಾಷೆಗೆ, ಅವರ ಹಬ್ಬಕ್ಕೆ ಜಾಗವಿರಲಿಲ್ಲ.

ವೀಸಾ ಕಾದವರು

ನಮ್ಮವರಿಗೆ ಬೇಗ ಹತ್ತಿರವಾಗುವ ಹಾಲಿವುಡ್ ಚಿತ್ರ ಯಾವುದು ಎಂದು ಕೇಳಿದರೆ 1942ರ 'ಕ್ಯಾಸಬ್ಲಾಂಕಾ' ಎನ್ನುತ್ತೇವೆ. ಅದನ್ನು ಪ್ರೇಮಕಥೆ ಎನ್ನುವವರುಂಟು. ನಮ್ಮ ಪಾಲಿಗೆ ಅದು ವೀಸಾ ಕಥೆ! ಯುರೋಪಿನಿಂದ ತಪ್ಪಿಸಿಕೊಂಡು ಅಮೆರಿಕ ಸೇರಲು ಒಂದು ಕಾಗದಕ್ಕಾಗಿ ಹಗಲಿರುಳು ಕಾಯುವವರು, ಒಡವೆ ಮಾರುವವರು, ಅಧಿಕಾರಿಗಳ ಮುಂದೆ ಕೈಕಟ್ಟಿ ನಿಲ್ಲುವವರು. ನಿರ್ದೇಶಕ ಮೈಕೆಲ್ ಕರ್ಟಿಝ್ ಹಂಗೇರಿಯವರು. ಹೆಸರು ಕಾಣಿಸಿಕೊಂಡ ನಟನಟಿಯರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಮೂವರೇ. ನಾಝಿ ಅಧಿಕಾರಿಯ ಪಾತ್ರ ಮಾಡಿದ ಕಾನ್ರಾಡ್ ಫೈಟ್ ಯೆಹೂದಿ ಹೆಂಡತಿಯೊಂದಿಗೆ ಹಿಟ್ಲರನ ಜರ್ಮನಿಯನ್ನು ತೊರೆದು ಬಂದವರು. ಹೋಟೆಲಿನಲ್ಲಿ ನಿರಾಶ್ರಿತರೆಲ್ಲ ಎದ್ದು ನಿಂತು ಫ್ರಾನ್ಸಿನ ರಾಷ್ಟ್ರಗೀತೆ ಹಾಡುವ ದೃಶ್ಯದಲ್ಲಿ ಕಾಣುವ ಕಣ್ಣೀರಿನಲ್ಲಿ ಎಲ್ಲವೂ ಅಭಿನಯವಾಗಿರಲಾರದು.

ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಬರೆಯುತ್ತಿದ್ದ ಬಿಲ್ಲಿ ವೈಲ್ಡರ್ 1934ರಲ್ಲಿ ಇಲ್ಲಿಗೆ ಬಂದಾಗ ಅವರಿಗಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಾಯಂ ವೀಸಾಕ್ಕಾಗಿ ಗಡಿ ದಾಟಿ ಮೆಕ್ಸಿಕೋದ ಮೆಹಿಕಾಲಿಯ ಅಮೆರಿಕನ್ ಕಾನ್ಸುಲ್ ಮುಂದೆ ಹೋದರು. ಕೈಯಲ್ಲಿ ಸರಿಯಾದ ಕಾಗದಗಳಿರಲಿಲ್ಲ. ಏನು ಕೆಲಸ ಎಂದು ಅಧಿಕಾರಿ ಕೇಳಿದಾಗ ಸಿನಿಮಾ ಬರೆಯುತ್ತೇನೆ ಎಂದರು. ಅಧಿಕಾರಿ ಠಸ್ಸೆ ಒತ್ತಿ, ಹಾಗಾದರೆ ಒಳ್ಳೆಯ ಚಿತ್ರಗಳನ್ನೇ ಬರೆಯಿರಿ ಎಂದು ಕಳಿಸಿದರಂತೆ. 1988ರ ಆಸ್ಕರ್ ಸಮಾರಂಭದಲ್ಲಿ ವೈಲ್ಡರ್ ಇದನ್ನು ನೆನೆದರು. 'ಡಬಲ್ ಇಂಡೆಮ್ನಿಟಿ', 'ಸನ್‌ಸೆಟ್ ಬುಲೆವಾರ್ಡ್', 'ಸಮ್ ಲೈಕ್ ಇಟ್ ಹಾಟ್' ಬರೆದು ನಿರ್ದೇಶಿಸಿ ಅವರು ಆ ಋಣ ತೀರಿಸಿದರೆನ್ನಬೇಕು. ಅವರ ತಾಯಿಯಾದರೋ ಯುರೋಪಿನಲ್ಲೇ ಉಳಿದು ನಾಝಿಗಳ ಹತ್ಯಾಕಾಂಡಕ್ಕೆ ಬಲಿಯಾದರು.

ಇತ್ತ ವೃದ್ಧ ಕಾರ್ಲ್ ಲೆಮ್ಲೆ, 1939ರಲ್ಲಿ ತಾವು ಸಾಯುವ ತನಕ, ತಮ್ಮ ಹುಟ್ಟೂರಿನ ಮತ್ತು ಸುತ್ತಲಿನ ಯೆಹೂದಿಗಳಿಗೆ ಜಾಮೀನು ಪತ್ರಗಳನ್ನು ಬರೆದುಕೊಟ್ಟು ನೂರಾರು ಮಂದಿಯ ಜೀವ ಉಳಿಸಿದರು. ಯೂನಿವರ್ಸಲ್ ಅವರ ಕೈತಪ್ಪಿ ಆಗಲೇ ಮೂರು ವರ್ಷವಾಗಿತ್ತು. ಅವರು ಮಾಡಿದ ಚಿತ್ರಗಳಿಗಿಂತ ಈ ಕಾಗದಗಳೇ ದೊಡ್ಡವು ಎಂದು ನಮಗೆ ಅನಿಸುತ್ತದೆ.

ಬಾಗಿಲ ಹೊರಗೆ

ಒಳಗೆ ಬಂದವರ ಕಥೆಯಷ್ಟೇ ಹೇಳಿ ಮುಗಿಸಿದರೆ ಚರಿತ್ರೆಗೆ ಅಪಚಾರವಾಗುತ್ತದೆ. 'ಗಾನ್ ವಿತ್ ದ ವಿಂಡ್' ಚಿತ್ರದ ಅಟ್ಲಾಂಟಾ ಪ್ರದರ್ಶನಕ್ಕೆ ಅದರಲ್ಲಿ ನಟಿಸಿದ ಹ್ಯಾಟಿ ಮೆಕ್‌ಡ್ಯಾನಿಯೆಲ್ ಹೋಗುವಂತಿರಲಿಲ್ಲ, ಏಕೆಂದರೆ ಅವರು ಕರಿಯರು. 1940ರ ಫೆಬ್ರವರಿ 29ರಂದು ಆಸ್ಕರ್ ಗೆದ್ದ ಮೊದಲ ಕರಿಯ ಕಲಾವಿದೆ ಅವರೇ ಆದರೂ ಸಮಾರಂಭದ ಹೋಟೆಲಿನಲ್ಲಿ ಗೋಡೆ ಪಕ್ಕದ ಬೇರೆ ಮೇಜಿನಲ್ಲಿ ಕೂರಬೇಕಾಯಿತು. ಲಾಸ್ ಏಂಜಲೀಸಿನಲ್ಲೇ ಹುಟ್ಟಿದ ಚೀನೀ ಮೂಲದ ಅನ್ನಾ ಮೇ ವಾಂಗ್, ಚೀನಾದ ರೈತರ ಕಥೆಯಾದ 'ದ ಗುಡ್ ಅರ್ತ್' ಚಿತ್ರದ ನಾಯಕಿಯ ಪಾತ್ರಕ್ಕೆ ಆಸೆಪಟ್ಟರು. ಅದು ದೊರೆತದ್ದು ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್ ಅವರಿಗೆ. ಬಿಳಿಯ ನಟಿ ಚೀನೀ ವೇಷ ಹಾಕಿ ಆಸ್ಕರನ್ನೂ ಪಡೆದರು. 2022ರಲ್ಲಿ ಅಮೆರಿಕದ ಕ್ವಾರ್ಟರ್ ನಾಣ್ಯದ ಮೇಲೆ ವಾಂಗ್ ಅವರ ಮುಖ ಮೂಡಿತು.

ಭಾರತದ ನಂಟಿನ ಕಥೆಯೂ ಒಂದಿದೆ. ಮರ್ಲ್ ಒಬೆರಾನ್ 1911ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದ ಆಂಗ್ಲೋ ಇಂಡಿಯನ್ ಹುಡುಗಿ. ಆದರೆ ಜಗತ್ತಿಗೆ ಹೇಳಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದವಳೆಂದು. 'ದ ಡಾರ್ಕ್ ಏಂಜಲ್' ಚಿತ್ರಕ್ಕೆ ಶ್ರೇಷ್ಠ ನಟಿಯ ಆಸ್ಕರಿಗೆ ನಾಮಕರಣಗೊಂಡರು, 1939ರ 'ವದರಿಂಗ್ ಹೈಟ್ಸ್'ನ ನಾಯಕಿಯಾದರು, 1979ರಲ್ಲಿ ತೀರಿಕೊಂಡರು. ಸತ್ಯ ಬಯಲಾದದ್ದು ಅವರು ಹೋದ ಮೇಲೆ. ತಾನು ಹುಟ್ಟಿದ ಊರಿನ ಹೆಸರನ್ನು ಬಾಯಿಬಿಟ್ಟು ಹೇಳಲಾಗದೆ ಒಂದು ಜೀವಮಾನ ಕಳೆಯುವುದೆಂದರೆ ಎಂಥ ಶಿಕ್ಷೆ!

ಕಾರಾಪುರದ ಹುಡುಗ

ಬಣ್ಣ ಮುಚ್ಚಿಡಲಾಗದ ಇನ್ನೊಬ್ಬರು ನಮ್ಮ ಮೈಸೂರು ಸೀಮೆಯವರೇ. ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮೈಸೂರು ಮಹಾರಾಜರ ಆನೆಯ ಮಾವುತರೊಬ್ಬರ ಮಗ. ತಂದೆತಾಯಿ ಬೇಗ ತೀರಿಕೊಂಡು ಹುಡುಗ ಆನೆಲಾಯದಲ್ಲೇ ಬೆಳೆದ. ಕಿಪ್ಲಿಂಗರ ಕಥೆಯೊಂದನ್ನು ಚಿತ್ರವಾಗಿಸಲು ರಾಬರ್ಟ್ ಫ್ಲಾಹರ್ಟಿಯವರ ತಂಡ ಮೈಸೂರಿಗೆ ಬಂದಾಗ ಛಾಯಾಗ್ರಾಹಕ ಆಸ್ಮಂಡ್ ಬೋರಡೇಲ್ ಕಣ್ಣಿಗೆ ಬಿದ್ದ. 1937ರ 'ಎಲಿಫೆಂಟ್ ಬಾಯ್' ಅವನನ್ನು ಜಗತ್ಪ್ರಸಿದ್ಧನನ್ನಾಗಿಸಿತು. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಹಂಗೇರಿಯವರು. ಮರ್ಲ್ ಒಬೆರಾನ್ ಮದುವೆಯಾದದ್ದೂ ಅವರನ್ನೇ. ಯುದ್ಧದಿಂದಾಗಿ ಇಂಗ್ಲೆಂಡಿನಲ್ಲಿ ನಿಂತ 'ದ ಥೀಫ್ ಆಫ್ ಬಾಗ್ದಾದ್' ಹಾಲಿವುಡ್ಡಿನಲ್ಲಿ ಪೂರ್ಣಗೊಂಡು 1940ರಲ್ಲಿ ಹೊರಬಂದಿತು. 1942ರಲ್ಲಿ 'ಜಂಗಲ್ ಬುಕ್'. ಸಾಬು ಅಮೆರಿಕದಲ್ಲೇ ಉಳಿದರು.

ಭಾರತೀಯರು ಈ ದೇಶದ ಪೌರರಾಗಲು ಅರ್ಹರಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿತ್ತು. ನಮ್ಮವರಿಗೆ ಆ ಹಕ್ಕು ಕೊಟ್ಟದ್ದು 1946ರ ಕಾಯಿದೆ. ಅದಕ್ಕೂ ಮೊದಲೇ, 1944ರಲ್ಲಿ, ಪೌರತ್ವ ಪಡೆದ ಸಾಬು ಅಮೆರಿಕದ ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕುಳಿತು ಬಂದೂಕು ಹಿಡಿದು ಪೆಸಿಫಿಕ್ ಯುದ್ಧದಲ್ಲಿ ಹೋರಾಡಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಗಳಿಸಿದರು. ಯುದ್ಧ ಮುಗಿಸಿ ಬಂದವರಿಗೆ ಹಾಲಿವುಡ್ ಕೊಟ್ಟದ್ದು ಮತ್ತೆ ಅದೇ ಕಾಡು, ಅದೇ ರುಮಾಲು, ಅದೇ ಬರಿಮೈ. ಒಬ್ಬ ಡಾಕ್ಟರಾಗಿ, ವಕೀಲನಾಗಿ, ನೆರೆಮನೆಯವನಾಗಿ ಭಾರತೀಯನನ್ನು ತೆರೆಯ ಮೇಲೆ ಕಲ್ಪಿಸಿಕೊಳ್ಳುವುದು ಆ ಕನಸಿನ ಕಾರ್ಖಾನೆಗೆ ಆಗಲಿಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 39 ವರ್ಷ. ಹಾಲಿವುಡ್ಡಿನ ವಾಕ್ ಆಫ್ ಫೇಮ್ ಹಾದಿಯಲ್ಲಿ ಅವರ ಹೆಸರಿನ ನಕ್ಷತ್ರವಿದೆ. ಮಕ್ಕಳನ್ನು ಕರೆದುಕೊಂಡು ಲಾಸ್ ಏಂಜಲೀಸಿಗೆ ಹೋದವರು ಅದನ್ನು ಹುಡುಕಿ ತೋರಿಸಿ, ಕಬಿನಿ ದಡದ ಕಾರಾಪುರದ ಕಥೆ ಹೇಳಬೇಕು.

ತೆರೆ ಬಿದ್ದದ್ದು, ಉಳಿದದ್ದು

ಸುವರ್ಣಯುಗ ಒಂದೇ ಪೆಟ್ಟಿಗೆ ಮುಗಿಯಲಿಲ್ಲ. 1947ರಲ್ಲಿ ಕಾಂಗ್ರೆಸ್ಸಿನ ಸಮಿತಿಯೊಂದು ಕಮ್ಯುನಿಸ್ಟರ ಬೇಟೆಗೆ ಹೊರಟಿತು. ಸ್ಟುಡಿಯೋ ದೊರೆಗಳು ಹೆದರಿದರು. ನೀವು ನಿಜವಾದ ಅಮೆರಿಕನ್ನರೇ ಎಂಬ ಪ್ರಶ್ನೆಗೆ ಜೀವನವಿಡೀ ಅಂಜಿದವರು ತಮ್ಮ ಲೇಖಕರನ್ನೇ ಕೈಬಿಟ್ಟರು. ಡಾಲ್ಟನ್ ಟ್ರಂಬೋ ಮುಂತಾದವರು ಜೈಲಿಗೆ ಹೋಗಿ ಬಂದು ಸುಳ್ಳು ಹೆಸರುಗಳಲ್ಲಿ ಬರೆದು ಹೊಟ್ಟೆ ಹೊರೆದರು. ಟ್ರಂಬೋ ಹೆಸರು ಮತ್ತೆ ತೆರೆಯ ಮೇಲೆ ಬಂದದ್ದು 1960ರಲ್ಲಿ. 1948ರ ಮೇ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಫಲವಾಗಿ ದೊಡ್ಡ ಸಂಸ್ಥೆಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಅದೇ ಹೊತ್ತಿಗೆ ಟೆಲಿವಿಷನ್ ಮನೆಮನೆ ಹೊಕ್ಕಿತು. 1970ರಲ್ಲಿ ಎಂ.ಜಿ.ಎಂ. ತನ್ನ ಉಗ್ರಾಣದ ಸಾಮಾನುಗಳನ್ನು ಹರಾಜು ಹಾಕಿದಾಗ 'ವಿಝರ್ಡ್ ಆಫ್ ಆಝ್' ಚಿತ್ರದ ಕೆಂಪು ಪಾದರಕ್ಷೆಗಳು 15,000 ಡಾಲರಿಗೆ ಹೋದವು.

ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದು. ಬೆಂಕಿಗೆ ಬೇಗ ತುತ್ತಾಗುವ ನೈಟ್ರೇಟ್ ಫಿಲ್ಮನ್ನು ಯಾರೂ ಜೋಪಾನ ಮಾಡಲಿಲ್ಲ. 1937ರಲ್ಲಿ ನ್ಯೂಜರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಉಗ್ರಾಣ ಸುಟ್ಟು ಫಾಕ್ಸ್ ಸಂಸ್ಥೆಯ ಬಹುಪಾಲು ಮೂಕಿ ಚಿತ್ರಗಳು ಬೂದಿಯಾದವು. ಅಮೆರಿಕದ ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಸುಮಾರು ಶೇಕಡ 70ರಷ್ಟು ಪೂರ್ತಿಯಾಗಿ ಕಳೆದುಹೋಗಿವೆ ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಎಚ್ಚೆತ್ತ ದೇಶ 1989ರಿಂದ ವರ್ಷಕ್ಕೆ 25 ಚಿತ್ರಗಳನ್ನು ಆರಿಸಿ ರಾಷ್ಟ್ರೀಯ ಪಟ್ಟಿಗೆ ಸೇರಿಸುತ್ತಿದೆ. ಇತ್ತ ನಮ್ಮ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡದ ಮೊದಲ ತೆರೆಮಾತನ್ನು ನಾವು ಯಾರೂ ಇನ್ನು ಕೇಳುವಂತಿಲ್ಲ.

ಈ ಇತಿಹಾಸ ನಮಗೆ ಬಿಡುವ ಕೆಲಸ ಎರಡು. ಮೇಯರ್, ಝೂಕರ್ ಮುಂತಾದವರು ಪರರ ಮಕ್ಕಳಿಗೆ ಸೊಗಸಾದ ಕನಸು ಕಟ್ಟಿಕೊಟ್ಟರು. ಅದರಲ್ಲಿ ತಮ್ಮ ಅಪ್ಪ ಅಮ್ಮನಿಗೆ ಒಂದು ಕುರ್ಚಿ ಹಾಕಲು ಅಂಜಿದರು. ನಮಗೆ ಆ ಅಂಜಿಕೆ ಬೇಕಿಲ್ಲ. ಮಕ್ಕಳು ಶಾಲೆಯ ನಾಟಕದಲ್ಲಿ ಬೇಕಾದ ಪಾತ್ರ ಮಾಡಲಿ, ತಮ್ಮ ಪೂರ್ಣ ಹೆಸರಿನಲ್ಲೇ ಮಾಡಲಿ. ಎರಡನೆಯದು, ನಮ್ಮ ಮನೆಗಳ ನೆಲಮಾಳಿಗೆಗಳಲ್ಲಿ ಸಂಘದ ಹಳೆಯ ವಿಡಿಯೋ ಕ್ಯಾಸೆಟ್ಟುಗಳಿವೆ. ಮೊದಲ ಯುಗಾದಿ, ಮೊದಲ ರಾಜ್ಯೋತ್ಸವ, ಬಾಡಿಗೆ ಹಾಲಿನಲ್ಲಿ ಸೀರೆ ಕಟ್ಟಿ ಮಾಡಿದ ಪರದೆಯ ಮುಂದೆ ಆಡಿದ ನಾಟಕ, ಈಗ ನಮ್ಮೊಂದಿಗಿಲ್ಲದ ಹಿರಿಯರ ದನಿ. ಆ ಟೇಪುಗಳಿಗೂ ಆಯುಸ್ಸು ಕೆಲವು ದಶಕಗಳಷ್ಟೇ. ಅವನ್ನು ಹೊರತೆಗೆದು, ಕಂಪ್ಯೂಟರಿಗೆ ಇಳಿಸಿ, ಅದರಲ್ಲಿ ಕಾಣುವವರು ಯಾರು, ಯಾವ ಊರಿನವರು, ಯಾವ ವರ್ಷ ಎಂದು ತಿಳಿದವರು ಇರುವಾಗಲೇ ಬರೆದಿಡೋಣ. ಮುಂದಿನ ವಾರ್ಷಿಕೋತ್ಸವಕ್ಕೆ ಬರುವಾಗ ಪ್ರತಿ ಮನೆಯವರೂ ಒಂದೊಂದು ಕ್ಯಾಸೆಟ್ ತಂದರೆ ಈ ಕೆಲಸ ಶುರುವಾದಂತೆಯೇ.